ಸೊನ್ನೆ ಒತ್ತದ ಬೆರಳು

ಹೊನ್ನಾಳಿ ತಾಲೂಕಿನ ಹೊಳೆ ಬದಿಯ ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಬಹಳ ವರ್ಷ ಫಾರ್ಮಸಿಸ್ಟ್ ಆಗಿದ್ದೆ. ಸಣ್ಣ ಆಸ್ಪತ್ರೆ, ಕಾಗದದಲ್ಲಿ ಅದರ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರ. ಊರಿನ ಹೆಸರು ಬರೆಯುವುದಿಲ್ಲ. ನನ್ನ ತಪ್ಪು ಅಲ್ಲಿ ಈಗ ಕೆಲಸ ಮಾಡುತ್ತಿರುವವರಿಗೆ ಅಂಟಿಕೊಳ್ಳುವುದು ಬೇಡ.

ಜನ ನನ್ನನ್ನು ಗುಳಿಗೆ ಸಾಹೇಬ್ರು ಅನ್ನುತ್ತಿದ್ದರು. ಸಾಸ್ವೆಹಳ್ಳಿ ಕಡೆಯಿಂದಲೂ ಜನ ಬರುತ್ತಿದ್ದರು. ಕಬ್ಬಿಣದ ಸರಳಿನ ಕಿಟಕಿ, ಅದರ ಹಿಂದೆ ನಾನು, ನನ್ನ ಹಿಂದೆ ಔಷಧಿ ಕೋಣೆ. ಆ ಕೋಣೆಯಲ್ಲಿ ಏನಿದೆ, ಎಷ್ಟಿದೆ ಎಂದು ಬರೆದಿಡುವುದಕ್ಕೆ ಮೊದಲೆಲ್ಲ ಒಂದು ದಪ್ಪ ದಾಸ್ತಾನು ಪುಸ್ತಕ ಇರುತ್ತಿತ್ತು. ತಿಂಗಳ ಕೊನೆಗೆ ಅದನ್ನು ತುಂಬುತ್ತಿದ್ದೆವು. ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಿ ಸಹಿ ಹಾಕಿ ಹೋಗುತ್ತಿದ್ದರು. ಪುಸ್ತಕದಲ್ಲಿ ಇದ್ದದ್ದಕ್ಕೂ ಕಪಾಟಿನಲ್ಲಿ ಇದ್ದದ್ದಕ್ಕೂ ಹೊಂದಿಕೆಯಾಗಬೇಕು ಎಂದು ಯಾರೂ ಬಹಳ ತಲೆಕೆಡಿಸಿಕೊಂಡಿರಲಿಲ್ಲ.

ಆಮೇಲೆ ಮೊಬೈಲಿಗೆ ಆ್ಯಪ್ ಬಂತು. ಪ್ರತಿ ಆಸ್ಪತ್ರೆಯ ದಾಸ್ತಾನು ಪ್ರತಿದಿನ ಫೋನಿನಲ್ಲೇ ದಾಖಲಾಗಬೇಕು. ಡಬ್ಬಿಯ ಮೇಲಿನ ಗೆರೆಗಳಿಗೆ ಫೋನು ಹಿಡಿದರೆ ಔಷಧಿಯ ಹೆಸರು ಬರುತ್ತದೆ. ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಒತ್ತಬೇಕು. ಜಿಲ್ಲೆಯ ಯಾವ ಆಸ್ಪತ್ರೆಯವರು ಬೇಕಾದರೂ ಬೇರೆ ಆಸ್ಪತ್ರೆಯಲ್ಲಿ ಏನಿದೆ ಎಂದು ಕೂತಲ್ಲೇ ನೋಡಬಹುದು. ಇರಬೇಕಾದಷ್ಟು ಇದ್ದರೆ ಹೆಸರಿನ ಮುಂದೆ ಹಸಿರು ಚುಕ್ಕೆ, ಕಡಿಮೆಯಾದರೆ ಕೆಂಪು. ಕೆಂಪಾದ ಕಡೆಗೆ ಮೊದಲು ಸರಬರಾಜು ಹೋಗುತ್ತದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ನನ್ನ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಈ ಮಾತನ್ನು ಈಗಲೂ ಹೇಳುತ್ತೇನೆ. ಆ್ಯಪಿನಲ್ಲಿ ದೋಷವಿರಲಿಲ್ಲ.

ನನ್ನ ವಯಸ್ಸಿನವರು ಬಹಳ ಜನ ಅದಕ್ಕೆ ಹೆದರಿದರು. ನಾನು ಮಗಳ ಪಕ್ಕ ಎರಡು ಸಂಜೆ ಕೂತು ಕಲಿತುಬಿಟ್ಟೆ. ತಾಲೂಕಿನಲ್ಲಿ ಮೊದಲು ಪೂರ್ತಿ ದಾಖಲೆ ಮಾಡಿದವನು ನಾನೇ. ಅದರ ಬಗ್ಗೆ ನನಗೆ ಜಂಬವಿತ್ತು.

ಆದರೆ ಕೆಂಪು ಚುಕ್ಕೆ ಬಂದರೆ ಮೇಲಿನಿಂದ ಫೋನು ಬರುತ್ತಿತ್ತು. “ಯಾಕೆ ಕೆಂಪು? ಮೊದಲೇ ಇಂಡೆಂಟ್ ಹಾಕಿ ತರಿಸಿಕೊಳ್ಳಬೇಕಿತ್ತಲ್ಲ?” ಎಂದು ಕೇಳುತ್ತಿದ್ದರು. ವಾರದ ಕೊನೆಗೆ ಕೆಂಪಾದ ಆಸ್ಪತ್ರೆಗಳ ಪಟ್ಟಿ ಎಲ್ಲರ ವಾಟ್ಸಾಪ್ ಗುಂಪಿಗೆ ಬೀಳುತ್ತಿತ್ತು. ಒಂದು ವಾರ ನನ್ನ ಆಸ್ಪತ್ರೆಯ ಹೆಸರೂ ಅದರಲ್ಲಿ ಬಂತು. ಯಾರೂ ಏನೂ ಅನ್ನಲಿಲ್ಲ; ನನಗೇ ಊಟ ಸೇರಲಿಲ್ಲ. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಔಷಧಿ ಖರ್ಚಾದರೂ, ಲೆಕ್ಕದಿಂದ ಕಳೆದರೆ ಕೆಂಪಾಗುತ್ತದೆ ಅನ್ನಿಸಿದರೆ, ಫೋನಿನಲ್ಲಿ ಕಳೆಯುತ್ತಿರಲಿಲ್ಲ. ಹೊಸದು ಬಂದಾಗ ಸರಿಮಾಡಿದರಾಯಿತು ಅಂದುಕೊಳ್ಳುತ್ತಿದ್ದೆ. ನಾನು ಒಂದು ಗುಳಿಗೆಯನ್ನೂ ಮನೆಗೆ ಒಯ್ದವನಲ್ಲ. ಆ ಸಮಾಧಾನ ನನಗೆ ಬಹಳ ದಿನ ಸಾಕಾಗಿತ್ತು.

ತಿಂಗಳುಗಟ್ಟಲೆ ನನ್ನ ಆಸ್ಪತ್ರೆ ಹಸಿರಾಗಿಯೇ ಇತ್ತು. ಮೇಲಿನವರಿಗೆ ಸಂತೋಷವಾಗಿ, ಉಳಿದವರಿಗೆ ಕಲಿಸುವ ಕೆಲಸವನ್ನು ನನಗೇ ಕೊಟ್ಟರು. ಚನ್ನಗಿರಿ, ನ್ಯಾಮತಿ, ಜಗಳೂರು ಎಂದು ನಾನು ತರಬೇತಿಗೆ ಓಡಾಡತೊಡಗಿದೆ. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕಿನಲ್ಲಿ ನನ್ನ ಆಸ್ಪತ್ರೆಯ ಪಟ್ಟಿ ತೋರಿಸುತ್ತಿದ್ದೆ. ಮೇಲಿಂದ ಕೆಳಗಿನವರೆಗೆ, ಸಸಿ ಮಡಿಯ ಹಾಗೆ, ಹಸಿರು. “ಕೆಂಪು ಕಾಣಿಸಬಾರದು. ಕೆಂಪು ಅಂದರೆ ನಿಮ್ಮ ನಿರ್ಲಕ್ಷ್ಯ” ಎಂದು ಹೇಳುತ್ತಿದ್ದೆ. ಊಟದ ಬಿಡುವಿನಲ್ಲಿ ಯಾರಾದರೂ ಹತ್ತಿರ ಬಂದು, “ಅದು ಹೆಂಗೆ ಸರ್, ನಿಮ್ಮದು ಯಾವಾಗಲೂ ಹಸಿರು?” ಎಂದರೆ, ನಕ್ಕು, “ಸ್ವಲ್ಪ ಅನುಸರಿಸಿಕೊಂಡು ಹೋಗಬೇಕಪ್ಪ, ಬಂದಾಗ ಸರಿಮಾಡಿಕೊಳ್ಳಬೇಕು” ಅನ್ನುತ್ತಿದ್ದೆ. ಅವರಿಗೆ ಅರ್ಥವಾಗುತ್ತಿತ್ತು.

ಜಗಳೂರಿನ ತರಬೇತಿಯಲ್ಲಿ ಒಬ್ಬ ಹೆಂಗಸು ಇದ್ದರು. ಬಿಳಿಚೋಡಿನಿಂದ ಆಚೆ ಒಂದು ಸಣ್ಣ ಆಸ್ಪತ್ರೆಯ ಫಾರ್ಮಸಿಸ್ಟ್. ನನ್ನದೇ ವಯಸ್ಸು, ಬಿಗಿಯಾಗಿ ಕಟ್ಟಿದ ತುರುಬು, ಪಿನ್ನು ಹಾಕಿದ ಹತ್ತಿ ಸೀರೆ. ಒಬ್ಬೊಬ್ಬರ ಪಟ್ಟಿಯನ್ನೂ ಗೋಡೆಯ ಮೇಲೆ ಹಾಕಿ ತಿದ್ದುತ್ತಿದ್ದೆ. ಅವರ ಪಟ್ಟಿ ಬಂದಾಗ ಕೋಣೆಯಲ್ಲಿ ಗುಸುಗುಸು ಆಯಿತು. ಅರ್ಧಕ್ಕಿಂತ ಹೆಚ್ಚು ಕೆಂಪು. ಎಷ್ಟೋ ಹೆಸರುಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ.

“ಏನ್ ಮೇಡಂ ಇದು, ಕುಂಕುಮದ ಭರಣಿ ಚೆಲ್ಲಿಕೊಂಡ್ರಾ?” ಅಂದೆ.

ಎಲ್ಲರೂ ನಕ್ಕರು. ಅವರು ಎದ್ದು ನಿಂತರು. ಎದ್ದು ನಿಲ್ಲಬೇಕೆಂದು ನಾನು ಹೇಳಿರಲಿಲ್ಲ.

“ಸ್ಟಾಕ್ ಇಲ್ರಿ ಸರ್. ಇಲ್ಲದ್ದನ್ನ ಐತೆ ಅಂತ ಹೆಂಗೆ ಬರೀಲಿ?”

“ಇಲ್ಲ ಅಂತ ಬರೆಯಾಕೆ ಸರ್ಕಾರ ನಮಗೆ ಫೋನು ಕೊಡಬೇಕಾ ಮೇಡಂ? ಅದನ್ನ ಗೋಡೆ ಮೇಲೆ ಇದ್ದಿಲಿನಲ್ಲೂ ಬರೀಬಹುದಲ್ಲ” ಅಂದೆ. ಮತ್ತೆ ನಗು. ನಗಿಸುವುದರಲ್ಲಿ ನನಗೆ ಒಂದು ರುಚಿ ಹತ್ತಿತ್ತು. ಅವರು ಕೂತರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮಧ್ಯಾಹ್ನದವರೆಗೂ ತಲೆ ಎತ್ತಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸಿಗೆ ಹೋದರು ಎಂದು ಆಮೇಲೆ ಯಾರೋ ಹೇಳಿದರು. ಅದನ್ನೂ ನಾನು ಅಹಂಕಾರ ಅಂದುಕೊಂಡೆ.

ಇದಾಗಿ ನಾಲ್ಕೈದು ತಿಂಗಳಿಗೆ, ಒಂದು ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ, ನನ್ನ ಕಿಟಕಿಯ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಐವತ್ತೈದರ ಸುಮಾರು, ಬಿಸಿಲಿಗೆ ಕಪ್ಪಾದ ಮೈ, ತೋಳಿನ ನರಗಳು ಹಗ್ಗದ ಹಾಗೆ. ಕಂಕುಳಲ್ಲಿ ಒಂದು ಥರ್ಮಾಕೋಲ್ ಡಬ್ಬಿ. ಸೂಳೆಕೆರೆಯಲ್ಲಿ ಮೀನು ಹಿಡಿಯುವವನಂತೆ. ಎರಡು ಬಸ್ಸು ಬದಲಿಸಿ ಬಂದಿದ್ದ.

“ಸರ್, ನಮ್ಮ ಹುಡುಗಿಗೆ ಮೊನ್ನೆ ಸಂಜಿ ಹೆರಿಗೆ ಆತು. ಚನ್ನಗಿರಿ ಕಡೆ ಆಸ್ಪತ್ರ್ಯಾಗೆ ಅದಾಳೆ. ಈ ಇಂಜೆಕ್ಷನ್ ಅಲ್ಲಿ ಖಾಲಿ ಆಗೇತಂತೆ. ನಿಮ್ಮಲ್ಲಿ ಎರಡು ಐತೆ ಅಂತ ಸಿಸ್ಟರ್ ಫೋನ್‌ನಾಗೆ ನೋಡಿ ಕಳಿಸಿದ್ರು.”

ಚೀಟಿ ಕೊಟ್ಟ. ಓದುವ ಮೊದಲೇ ನನಗೆ ಗೊತ್ತಾಯಿತು. ಆ್ಯಂಟಿ-ಡಿ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆದರೆ ಹೆರಿಗೆಯಾದ ಮೂರು ದಿನದೊಳಗೆ ತಾಯಿಗೆ ಈ ಚುಚ್ಚುಮದ್ದು ಬೀಳಬೇಕು. ಬೀಳದಿದ್ದರೆ ಈ ಮಗುವಿಗೆ ಏನೂ ಆಗುವುದಿಲ್ಲ. ಮುಂದೆ ಆಗುವ ಮಗುವಿಗೆ ಹೊಟ್ಟೆಯಲ್ಲೇ ಅಪಾಯ. ನಾಳೆ ಸಂಜೆಗೆ ಆ ಮೂರು ದಿನ ಮುಗಿಯುತ್ತಿತ್ತು.

ನನ್ನ ಫ್ರಿಜ್ಜಿನಲ್ಲಿ ಅದು ಇರಲಿಲ್ಲ. ಫೋನಿನಲ್ಲಿ ಎರಡು ಇತ್ತು. ಆ ಎರಡೂ ನಮ್ಮೂರಿನ ಇಬ್ಬರು ಬಾಣಂತಿಯರಿಗೆ ಎಂದೋ ಹೋಗಿದ್ದವು. ಕಳೆದಿದ್ದರೆ ಸೊನ್ನೆಯಾಗುತ್ತಿತ್ತು, ಕೆಂಪಾಗುತ್ತಿತ್ತು. ಹಾಗಾಗಿ ಕಳೆದಿರಲಿಲ್ಲ. ಹೊಸದು ಬಂದಾಗ ಸರಿಮಾಡೋಣ ಎಂದು ಕಾಯುತ್ತಿದ್ದೆ. ಹೊಸದು ಬರಲೂ ಇಲ್ಲ; ಎರಡು ಇದೆ ಎಂದು ನಾನೇ ಹೇಳಿದ ಮೇಲೆ ಯಾಕೆ ಕಳಿಸುತ್ತಾರೆ?

ಆದರೂ ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದೆ. ಅವನು ನೋಡುತ್ತಿದ್ದನಲ್ಲ, ಅದಕ್ಕೆ. ಒಳಗೆ ತಡಕಾಡಿದಂತೆ ಮಾಡಿ ತಿರುಗಿ ಬಂದೆ.

“ಇಲ್ಲ ಯಜಮಾನ್ರೇ. ಸರ್ವರ್ ಏನೋ ತಪ್ಪು ತೋರಿಸೈತೆ” ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಅವನು ನನಗೇ ಸಮಾಧಾನ ಹೇಳಿದ: “ಹೌದ್ ಬಿಡ್ರಿ ಸರ್. ಮಿಷಿನ್ ಅಲ್ವಾ, ತಪ್ಪತಾವೆ. ನೀವೇನ್ ಮಾಡ್ತೀರಿ.” ಆಮೇಲೆ ಕಂಕುಳ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, “ತಣ್ಣಗೆ ತರಬೇಕು ಅಂದ್ರು ಸಿಸ್ಟರ್. ಮೀನಿನ ಡಬ್ಬಿ ಇದು. ಮೂರು ಸಲ ಸೋಪಿನಾಗೆ ತಿಕ್ಕೀನಿ, ಹುಣಸೆಹಣ್ಣಿನಾಗೂ ತಿಕ್ಕೀನಿ. ಆದ್ರೂ ಸ್ವಲ್ಪ ವಾಸ್ನಿ ಐತೆ. ನಡಿತೈತಾ ಸರ್?” ಎಂದು ಕೇಳಿದ. ಒಳಗೆ ಹೊಸ ಟವೆಲ್ ಹಾಸಿ, ಅದರ ಮೇಲೆ ಐಸ್ ಗಡ್ಡೆ ಇಟ್ಟಿದ್ದ. ಅರ್ಧ ಕರಗಿತ್ತು.

“ಸಿಸ್ಟರ್ ಫೋನ್ ಮಾಡಿ ಕೇಳಬೇಕಿತ್ತು” ಎಂದು ನಾನು ತಪ್ಪನ್ನು ಇನ್ನೊಬ್ಬರ ಮೇಲೆ ಜಾರಿಸಲು ನೋಡಿದೆ.

“ನಾನೂ ಅಂದೆ ಸರ್. ‘ಫೋನ್ ಯಾಕೆ, ಆ ಸರ್ ನಮಗೆಲ್ಲ ಕಲಿಸಿದೋರು, ಅವರದ್ದು ತಪ್ಪಂಗಿಲ್ಲ’ ಅಂದ್ರು ಅವರು.”

ನಮ್ಮ ಡಾಕ್ಟರು ಅವತ್ತು ರಜೆ. ಅವನಿಗೆ ಬೆಂಚು ತೋರಿಸಿ, ಬಾಗಿಲು ಮುಂದೆ ಮಾಡಿಕೊಂಡು ಫೋನು ಹಿಡಿದೆ. ಚನ್ನಗಿರಿಯ ಔಷಧಿ ಅಂಗಡಿಗಳಲ್ಲಿ ಅವನು ಆಗಲೇ ವಿಚಾರಿಸಿ ಬಂದಿದ್ದ. ದಾವಣಗೆರೆಯಲ್ಲಿ ನನಗೆ ಗೊತ್ತಿದ್ದ ಇಬ್ಬರನ್ನು ಕೇಳಿದೆ. ಆ ವಾರ ಅವರಿಗೂ ಸರಬರಾಜು ಇರಲಿಲ್ಲ. ಉಳಿದದ್ದು ಆ್ಯಪ್. ಹುಡುಕಿದೆ. ಐದು ಕಡೆ ಹಸಿರು ಚುಕ್ಕೆ ಬಂತು. ಜೀವ ಬಂದ ಹಾಗಾಯಿತು.

ಮೊದಲು ನ್ಯಾಮತಿ ಕಡೆಯ ಒಂದು ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿನವನು ನನ್ನ ತರಬೇತಿಗೆ ಬಂದವನೇ.

“ನಿಮ್ಮಲ್ಲಿ ಆ್ಯಂಟಿ-ಡಿ ಎರಡು ತೋರಿಸ್ತೈತಲ್ಲ, ಒಂದು ಬೇಕಿತ್ತು” ಅಂದೆ.

ಅವನು ನಕ್ಕ. “ಏನ್ ಸರ್, ನೀವೂ ಅದನ್ನ ನಂಬ್ತೀರಾ? ಕೆಂಪು ಬರಬಾರದು, ಬಂದಾಗ ಸರಿಮಾಡ್ಕೋಬೇಕು ಅಂತ ನೀವೇ ಹೇಳಿಕೊಟ್ಟಿದ್ದಲ್ವಾ!”

ತಮಾಷೆಗೆ ಹೇಳಿದ್ದ. ಇನ್ನೂ ಮೂರು ಕಡೆ ಫೋನ್ ಮಾಡಿದೆ. ಒಬ್ಬರು ಸರ್ವರ್ ಸರಿಯಿಲ್ಲ ಅಂದರು. ಇನ್ನೊಬ್ಬರು ನೋಡಿ ಹೇಳ್ತೀನಿ ಎಂದು ಫೋನ್ ಇಟ್ಟವರು ಮತ್ತೆ ಎತ್ತಲಿಲ್ಲ. ಮೂರನೆಯವರು, “ಅದು ಖರ್ಚಾಗೈತೆ ಸರ್, ಎಂಟ್ರಿ ಮಾಡಿಲ್ಲ ಅಷ್ಟೆ” ಎಂದು ಸಂಕೋಚವಿಲ್ಲದೆ ಹೇಳಿದರು. ನಾಲ್ಕು ತಾಲೂಕು ಸುತ್ತಿ ನಾನು ಕಲಿಸಿದ್ದು ಇದನ್ನೇ. ನಾಲ್ಕು ಜನರೂ ಒಳ್ಳೆಯ ವಿದ್ಯಾರ್ಥಿಗಳಾಗಿದ್ದರು.

ಕೊನೆಗೆ ಉಳಿದದ್ದು ಬಿಳಿಚೋಡಿನ ಆಚೆಯ ಆ ಸಣ್ಣ ಆಸ್ಪತ್ರೆ. ಮೂರು ಎಂದು ತೋರಿಸುತ್ತಿತ್ತು. ಆ ಹೆಸರನ್ನು ಮೊದಲೇ ನೋಡಿದ್ದೆ. ನೋಡಿಯೂ ಬೇಕೆಂದೇ ಕೊನೆಗೆ ಬಿಟ್ಟಿದ್ದೆ. ಯಾಕೆ ಎಂದರೆ ಅಲ್ಲಿ ಇದ್ದೇ ಇರುತ್ತದೆ, ನಾನು ಗೇಲಿ ಮಾಡಿದವರನ್ನೇ ಬೇಡಬೇಕಾಗುತ್ತದೆ ಎಂದು ನನಗೆ ಒಳಗೊಳಗೇ ಗೊತ್ತಿತ್ತು.

ಫೋನ್ ಮಾಡಿ ನನ್ನ ಪರಿಚಯ ಹೇಳಿದೆ.

“ನಿಮ್ಮಲ್ಲಿ ಆ್ಯಂಟಿ-ಡಿ ಮೂರು ತೋರಿಸ್ತೈತೆ ಮೇಡಂ. ನಿಜವಾಗ್ಲೂ ಐತಾ?”

“ಮೂರು ಅಂತ ಬರ್ದೀನಲ್ಲ ಸರ್” ಅಂದರು. ಕೋಪವಿರಲಿಲ್ಲ, ನನ್ನ ಪ್ರಶ್ನೆ ಅವರಿಗೆ ಅರ್ಥವಾಗಿರಲಿಲ್ಲ. “ಮೂರು ಐತೆ. ಬರ್ರಿ. ಐದು ಗಂಟೆ ತನಕ ನಾನು ಇಲ್ಲೇ ಇರ್ತೀನಿ.”

ಬೆಂಚಿನ ಮೇಲೆ ಕಾಯುತ್ತಿದ್ದ ಅವನನ್ನು ನನ್ನ ಬೈಕಿನಲ್ಲೇ ಕೂರಿಸಿಕೊಂಡು ಹೊರಟೆ. ಇದನ್ನು ಒಳ್ಳೆಯತನ ಅಂದುಕೊಳ್ಳಬಾರದು. ಅವನೊಬ್ಬನೇ ಬಸ್ಸು ಹತ್ತಿ ಹೋದರೆ ದಾರಿಯುದ್ದಕ್ಕೂ ಯಾರ ಹತ್ತಿರ ಏನು ಹೇಳುತ್ತಾನೋ, ಅಲ್ಲಿ ಆ ಮೇಡಂ ಏನು ಕೇಳುತ್ತಾರೋ ಎಂಬ ಹೆದರಿಕೆ ನನ್ನನ್ನು ಎಬ್ಬಿಸಿತ್ತು. ನಮ್ಮ ಆಸ್ಪತ್ರೆಯ ಸಿಸ್ಟರಿಗೆ ಕಿಟಕಿ ನೋಡಿಕೊಳ್ಳಲು ಹೇಳಿ ಹೊರಟುಬಿಟ್ಟೆ.

ಹೊನ್ನಾಳಿ ದಾಟಿ, ದಾವಣಗೆರೆಯ ಹೊರಗಿನಿಂದ ಹಾದು ಬಿಳಿಚೋಡಿನ ದಾರಿ ಹಿಡಿದೆವು. ನಮ್ಮ ಕಡೆಯ ಗದ್ದೆ ತೋಟ ಮುಗಿದು ಮೆಕ್ಕೆಜೋಳದ ಹೊಲ, ಆಮೇಲೆ ಬೋಳು ನೆಲ, ರಸ್ತೆಗೆ ಅಡ್ಡ ಕುರಿ ಹಿಂಡು. ಅವನು ಹಿಂದೆ ಕೂತು ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದ. ಗಾಳಿಯ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡುತ್ತಿದ್ದ. ಮಗಳು ಒಬ್ಬಳೇ. ಹೆಂಡತಿ ಇಲ್ಲ. ಅಳಿಯ ಲಾರಿಯಲ್ಲಿ ಹೋದವನು ಇನ್ನೂ ಬಂದಿಲ್ಲ. “ನಮ್ಮವ್ವ ನನ್ನ ಮೇಲೆ ನಾಕು ಹಡೆದ್ಲಂತೆ ಸರ್, ಒಂದೂ ಉಳೀಲಿಲ್ಲಂತೆ. ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ಈಗ ನೋಡ್ರಿ, ಒಂದು ಸೂಜಿನಾಗೆ ಐತೆ.” ಅವನ ತಾಯಿಗೆ ಆಗಿದ್ದು ಅದೇ ಹೌದೋ ಅಲ್ಲವೋ ಯಾರು ಬಲ್ಲರು. ನಾನು ಹ್ಞೂಂ ಅಂದೆ. ಮತ್ತೆ ಅವನು, “ನಿಮ್ಮಂಥೋರು ಇರೋದಕ್ಕೆ ಸರ್” ಅಂದ. ಹೆಲ್ಮೆಟ್ಟಿನೊಳಗೆ ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಅದೊಂದೇ ಅವತ್ತು ನನ್ನ ಪುಣ್ಯ.

ಎರಡು ಗಂಟೆಗೆ ಮುಟ್ಟಿದೆವು. ಎರಡೇ ಕೋಣೆಯ ಆಸ್ಪತ್ರೆ. ಅವರ ಔಷಧಿ ಕೋಣೆ ನಮ್ಮದರ ಅರ್ಧವೂ ಇಲ್ಲ. ಖಾಲಿಯಾದ ಕಪಾಟುಗಳನ್ನು ಒರೆಸಿ ಇಟ್ಟಿದ್ದರು. ಫ್ರಿಜ್ಜಿನ ಮೇಲೆ ಬೆಳಿಗ್ಗೆ ಸಂಜೆ ಎಷ್ಟು ತಣ್ಣಗಿತ್ತು ಎಂದು ಪೆನ್ನಿನಲ್ಲಿ ಬರೆದ ಹಾಳೆ. ನನ್ನ ಫ್ರಿಜ್ಜಿನ ಮೇಲೂ ಅಂಥ ಹಾಳೆ ಇತ್ತು. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬುತ್ತಿದ್ದೆ.

ಅವರು ನನಗೆ ಕುರ್ಚಿ ತೋರಿಸಿ, ಅವನನ್ನು ಹತ್ತಿರ ಕರೆದರು. ಫ್ರಿಜ್ಜಿನಿಂದ ಔಷಧಿ ತೆಗೆದು, ಅವನ ಮುಂದೆಯೇ ಮೂರೂ ಎಣಿಸಿ, ಒಂದನ್ನು ಈಚೆ ಇಟ್ಟರು. ಆ ಕೂಡಲೇ ಫೋನು ತೆಗೆದು ಮೂರನ್ನು ಎರಡು ಮಾಡಿದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಒಂದೇ ಬೆರಳಿನಲ್ಲಿ, ನಿಧಾನವಾಗಿ ಒತ್ತುತ್ತಿದ್ದರು. ಆಮೇಲೆ ಮೀನಿನ ಡಬ್ಬಿಯ ಮುಚ್ಚಳ ತೆಗೆದರು. ವಾಸನೆ ಬಂದಿರಬೇಕು, ಮುಖ ತಿರುಗಿಸಲಿಲ್ಲ. ಕರಗಿದ ನೀರು ಚೆಲ್ಲಿ, ತಮ್ಮ ಫ್ರಿಜ್ಜಿನ ಎರಡು ಐಸ್ ಪ್ಯಾಕ್ ಇಟ್ಟು, ಬಾಟಲಿಯನ್ನು ಹತ್ತಿಯಲ್ಲಿ ಸುತ್ತಿ ಮಧ್ಯಕ್ಕೆ ಇರಿಸಿದರು. “ಐಸ್ ನೇರ ತಗಲಬಾರದು ಯಜಮಾನ್ರೇ, ಗಡ್ಡೆ ಕಟ್ಟಿದ್ರೆ ಕೆಟ್ಟು ಹೋಗತೈತೆ. ಕೂಸು ಹೆಂಗೈತೆ? ಹಾಲು ಕುಡಿತೈತಾ?”

“ಕುಡಿತೈತ್ರಿ ತಾಯಿ. ಹೆಣ್ಣು ಕೂಸು.”

ಆಗ ಅವರು ನನ್ನ ಕಡೆ ತಿರುಗಿದರು. “ನಿಮ್ಮಲ್ಲೂ ಎರಡು ತೋರಿಸ್ತಿತ್ತಲ್ಲ ಸರ್?”

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: “ಅದು ಸರ್ವರ್ ತಪ್ಪಂತೆ ತಾಯಿ. ಪಾಪ, ಸರ್ ಎಷ್ಟು ಹುಡುಕಿದ್ರು.”

ಅವರು ನನ್ನನ್ನು ನೋಡಿದರು. ಬಹಳ ಹೊತ್ತೇನಲ್ಲ. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, “ಲಗೂನ ಹೊರಡ್ರಿ, ಬಿಸಿಲು ಬಾಳ ಐತೆ” ಅಂದರು. ನಾನು ಹೇಳಬಹುದಿತ್ತು. ಆ ಕೋಣೆಯಲ್ಲಿ ಇದ್ದದ್ದು ನಾವು ಮೂರೇ ಜನ. ಹೇಳಲಿಲ್ಲ.

ಸಂತೇಬೆನ್ನೂರಿನ ಮೇಲೆ ಹಾದು ಹೊತ್ತು ಮುಳುಗುವ ಮೊದಲೇ ಮಗಳಿದ್ದ ಆಸ್ಪತ್ರೆ ಸೇರಿದೆವು. ಚುಚ್ಚುಮದ್ದು ಬಿತ್ತು. ಅಷ್ಟರಲ್ಲಿ ಅವನು ವಾರ್ಡಿನಲ್ಲಿದ್ದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದ. ತಮ್ಮ ಕೆಲಸ ಬಿಟ್ಟು, ತಮ್ಮ ಗಾಡಿಯಲ್ಲಿ, ಜಗಳೂರು ಸೀಮೆಗೆ ಹೋಗಿ ತಂದರು, ದೇವರಂಥ ಮನುಷ್ಯ ಎಂದು. ಮಲಗಿದ್ದ ಹುಡುಗಿ ಎದ್ದು ಕೂತು ಕೈ ಮುಗಿದಳು. ಸಿಸ್ಟರ್ ನನ್ನ ಕೈಗೆ ಕೂಸು ಕೊಟ್ಟು ಫೋಟೋ ತೆಗೆದರು. ಬೇಡ ಅನ್ನಲಿಲ್ಲ. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಆ ಫೋಟೋ ಗುಂಪಿಗೆ ಬಂತು. ಕೈ ಮುಗಿದ ಚಿತ್ರಗಳು, ಚಪ್ಪಾಳೆಗಳು ಸಾಲುಗಟ್ಟಿ ಬಿದ್ದವು. “ಆ್ಯಪ್ ಬಳಸಿ ಜೀವ ಉಳಿಸಿದ ನಮ್ಮ ಸಿಬ್ಬಂದಿ” ಎಂದು ಮೇಲಿನವರು ಬರೆದರು. ನಾನು “ಧನ್ಯವಾದ ಸರ್, ನನ್ನ ಕರ್ತವ್ಯ” ಎಂದು ಉತ್ತರ ಹಾಕಿದೆ. ಅವತ್ತು ಮನೆಗೆ ಬಂದ ಮೇಲೆ ಹೆಂಡತಿಗೂ ಅದೇ ಕಥೆ ಹೇಳಿದೆ. ಅವಳು ಮೊಸರನ್ನದ ಜೊತೆಗೆ ಎರಡು ಸಂಡಿಗೆ ಹೆಚ್ಚಿಗೆ ಕರಿದು ಕೊಟ್ಟಳು. ತಿಂದೆ.

ತಿಂಗಳೊಪ್ಪತ್ತಿನಲ್ಲಿ ಹೊನ್ನಾಳಿಯಲ್ಲಿ ಒಂದು ಸಭೆಯಾಯಿತು. ನಾಲ್ಕೂ ತಾಲೂಕಿನವರನ್ನು ಕರೆದಿದ್ದರು. ನನಗೆ ಶಾಲು ಹೊದಿಸಿ, ಆ ದಿನದ ಅನುಭವ ಹೇಳಿ ಅಂದರು. ಮೂರನೆಯ ಸಾಲಿನಲ್ಲಿ ಆ ಮೇಡಂ ಕೂತಿದ್ದರು. ನಾನು ಮೈಕಿನ ಮುಂದೆ ನಿಂತು, “ತಾಂತ್ರಿಕ ಕಾರಣದಿಂದ ನಮ್ಮ ದಾಸ್ತಾನಿನಲ್ಲಿ ಒಂದು ಸಣ್ಣ ವ್ಯತ್ಯಾಸ ಕಂಡುಬಂದಿತ್ತು” ಎಂದು ಶುರುಮಾಡಿದೆ. ಅವರ ಕಡೆ ನೋಡದೆ ಇರಲು ಗೋಡೆಯ ಗಡಿಯಾರ ನೋಡುತ್ತಾ ಮಾತಾಡಿದೆ. ಅವರ ಹೆಸರನ್ನೂ ಹೇಳಲಿಲ್ಲ. “ಜಗಳೂರಿನ ನಮ್ಮ ಒಬ್ಬ ಸಹೋದ್ಯೋಗಿ” ಎಂದಷ್ಟೇ ಅಂದೆ. ಚಪ್ಪಾಳೆ ಬಿತ್ತು. ಅವರೂ ತಟ್ಟಿದರೋ ಇಲ್ಲವೋ ನೋಡಲಿಲ್ಲ.

ಸಭೆ ಮುಗಿದು ಜನ ಉಪ್ಪಿಟ್ಟಿನ ಕಡೆ ಹೋದಾಗ ಅವರು ಹೊರಗೆ ಬೇವಿನ ಗಿಡದ ಕೆಳಗೆ ಚಪ್ಪಲಿ ಮೆಟ್ಟುತ್ತಿದ್ದರು. ಕಾಲುಗಳು ನನ್ನನ್ನು ಅಲ್ಲಿಗೆ ಒಯ್ದವು.

“ಮೇಡಂ, ಅದು ಸರ್ವರ್ ತಪ್ಪಲ್ಲ. ನಾನೇ ಕಳೆದಿರಲಿಲ್ಲ. ನಿಮಗೆ ಅವತ್ತು ಜಗಳೂರಿನಲ್ಲಿ ಅಂದದ್ದೂ ತಪ್ಪು. ಕ್ಷಮಿಸಬೇಕು” ಅಂದೆ. ಹೆಗಲ ಮೇಲೆ ಶಾಲು ಹಾಗೇ ಇತ್ತು.

ಅವರು ಚಪ್ಪಲಿಯ ಪಟ್ಟಿ ಹಾಕಿಕೊಂಡು ನೆಟ್ಟಗೆ ನಿಂತರು.

“ಅವತ್ತು ಎಲ್ಲರ ಮುಂದೆ ಅಂದ್ರಿ ಸರ್. ಇವತ್ತು ಗಿಡದ ಕೆಳಗೆ ಹೇಳಾಕ್ ಬಂದೀರಿ” ಅಂದರು. ದನಿ ಏರಿಸಲಿಲ್ಲ. “ನನಗೆ ಗೊತ್ತಿತ್ತು. ನನಗೆ ಹೇಳಿ ಏನಾಗಬೇಕು?”

ಬಸ್ಸಿಗೆ ಹೊತ್ತಾಯಿತು ಎಂದು ಹೊರಟು ಹೋದರು. ನಾನು ಒಳಗೆ ಬಂದೆ. ಜನ ಇನ್ನೂ ಇದ್ದರು, ಮೈಕೂ ಇತ್ತು. ಒಂದು ತಟ್ಟೆ ಉಪ್ಪಿಟ್ಟು ಹಾಕಿಸಿಕೊಂಡು ಗೋಡೆಗೆ ಮುಖ ಮಾಡಿ ತಿಂದೆ. ಅವತ್ತೂ ಹೇಳಲಿಲ್ಲ.

ಮತ್ತೆ ಐದು ವಾರ ಬೇಕಾಯಿತು ನನಗೆ. ಆ ಐದು ವಾರದಲ್ಲಿ ನಾನೇನೂ ಬದಲಾಗಿಬಿಟ್ಟೆ ಎಂದಲ್ಲ. ಪ್ರತಿ ಸಲ ಫೋನು ತೆರೆದಾಗ ಅವರ ಮಾತು ಬಂದು ಕೂರುತ್ತಿತ್ತು. ಒಂದು ಶನಿವಾರ, ಭಾನುವಾರ ಔಷಧಿ ಕೋಣೆಯಲ್ಲೇ ಕೂತು ಪ್ರತಿ ಡಬ್ಬಿ, ಪ್ರತಿ ಪಟ್ಟಿ ಎಣಿಸಿದೆ. ಇದ್ದದ್ದನ್ನು ಇದ್ದಷ್ಟೇ ಒತ್ತುತ್ತಾ ಹೋದೆ. ಮೊದಲ ಸೊನ್ನೆ ಒತ್ತುವಾಗ ಬೆರಳು ನಿಜಕ್ಕೂ ನಿಂತಿತು. ಭಾನುವಾರ ಸಂಜೆಯ ಹೊತ್ತಿಗೆ ನನ್ನ ಪಟ್ಟಿ ಅವರದಕ್ಕಿಂತ ಕೆಂಪಾಗಿತ್ತು.

ಮುಂದಿನ ವಾರ ಚನ್ನಗಿರಿಯಲ್ಲಿ ತರಬೇತಿ ಇತ್ತು. ಬೇರೆ ಯಾರ ಪಟ್ಟಿಯನ್ನೂ ಹಾಕದೆ ನನ್ನದನ್ನೇ ಗೋಡೆಯ ಮೇಲೆ ಹಾಕಿದೆ. ಹಿಂದಿನ ಪಟ್ಟಿ ಸುಳ್ಳು, ಇದು ನಿಜ, ನಾನು ನಿಮಗೆ ಕಲಿಸಿದ್ದು ತಪ್ಪು, ಆ ಚುಚ್ಚುಮದ್ದು ನನ್ನಲ್ಲಿ ಇರಲೇ ಇಲ್ಲ ಎಂದು ಹೇಳಿದೆ. ಜಗಳೂರಿನ ತರಬೇತಿಯಲ್ಲಿ ಒಬ್ಬರನ್ನು ಗೇಲಿ ಮಾಡಿದ್ದನ್ನೂ ಹೇಳಿದೆ. ಚೆನ್ನಾಗಿ ಹೇಳಬೇಕೆಂದು ಹಿಂದಿನ ದಿನ ಬರೆದುಕೊಂಡಿದ್ದೆ. ಅಲ್ಲಿ ನಿಂತಾಗ ಹಾಳೆ ಮಡಿಚಿಟ್ಟು ಬಾಯಿಗೆ ಬಂದಂತೆ ತೊದಲಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, “ಇದೇನ್ ಮಾರಾಯಾ, ನಮ್ಮನ್ನೂ ಸೇರಿಸಿ ಹಿಡಿಸ್ತಾನೆ” ಅಂದದ್ದು ಕೇಳಿಸಿತು.

ನೋಟಿಸು ಬಂತು, ಉತ್ತರ ಕೊಟ್ಟೆ. ತರಬೇತಿಯಿಂದ ತೆಗೆದರು, ಮಳೆಗಾಲ ಮುಗಿಯುವ ಹೊತ್ತಿಗೆ ಬೇರೆ ಕಡೆ ವರ್ಗವೂ ಆಯಿತು. ನನ್ನ ಜೊತೆಯವರು ಎಷ್ಟೋ ಜನ ಮಾತು ಬಿಟ್ಟರು. ಒಂದೆರಡು ವಾರ ನಾಲ್ಕೂ ತಾಲೂಕಿನ ಆಸ್ಪತ್ರೆಗಳು ಕೆಂಪೆದ್ದು ಹೋಗಿದ್ದವು ಎಂದು ಕೇಳಿದೆ. ಎಲ್ಲರೂ ಹೆದರಿ ಎಣಿಸಿದ್ದರು. ಆಮೇಲೆ ಔಷಧಿಗಳು ಬಂದವಂತೆ. ಜಗಳೂರಿನ ಮೇಡಂಗೆ ಈ ವಿಷಯ ಮುಟ್ಟಿರಬೇಕು. ಅವರು ಫೋನ್ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಆದರೆ ಆ ಮೀನುಗಾರನಿಗೆ ಯಾರೂ ಹೇಳಿರಲಿಲ್ಲ. ಅವನು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ. ಕೂಸು ಬೋರಲು ಬಿತ್ತು ಸರ್, ಅಂಬೆಗಾಲಿಡತೈತೆ ಸರ್, ಒಮ್ಮೆ ಬರ್ರಿ ಸರ್. ಎರಡು ಸಲ ಹೋಗಿದ್ದೆ. ಹೋದಾಗ ಉಣ್ಣಿಸಿ, ವಾಪಸು ಬರುವಾಗ ಬಸ್ಸು ಹತ್ತಿಸಿ, ಬಸ್ಸು ಹೊರಡುವವರೆಗೂ ಕೆಳಗೆ ನಿಂತಿರುತ್ತಿದ್ದ. ಎರಡು ಸಲವೂ ಹೇಳಬೇಕೆಂದೇ ಹೋದವನು ಹೇಳದೆ ಉಂಡು ಬಂದಿದ್ದೆ.

ಕೂಸಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಮತ್ತೆ ಫೋನ್ ಬಂತು. ಮಗಳಿಗೆ ಎರಡನೆಯ ಹೆರಿಗೆಯಾಗಿದೆ, ಗಂಡು, ತಾಯಿ ಮಗು ಗಟ್ಟಿಮುಟ್ಟಾಗಿದ್ದಾರೆ, ಈ ಸಲ ಚುಚ್ಚುಮದ್ದು ಅಲ್ಲೇ ಸಿಕ್ಕಿತು ಎಂದು ಹೇಳಿ, ಬರಲೇಬೇಕು ಎಂದ. ಹೋದೆ. ಕೆರೆ ಏರಿಯ ಹತ್ತಿರದ ಅವನ ಮನೆಯ ಮುಂದೆ ಅವನು ಬಲೆ ಹರವಿಕೊಂಡು ಹರಿದಲ್ಲಿ ಗಂಟು ಹಾಕುತ್ತಿದ್ದ. ಕೆರೆಯ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮೊಮ್ಮಗಳನ್ನು ಕರೆದು, “ಇವರ ಕಾಲಿಗೆ ಬೀಳವ್ವ. ನಿನ್ನ ತಮ್ಮನ್ನ ಉಳಿಸಿಕೊಟ್ಟೋರು ಇವರೇ” ಅಂದ. ಆ ಪುಟ್ಟ ಹುಡುಗಿ ಬಗ್ಗಿದಳು. ನಾನು ಕಾಲು ಹಿಂದೆ ಎಳೆದುಕೊಂಡೆ.

ಮಗು ಒಳಗೆ ಓಡಿದ ಮೇಲೆ ಹೇಳಿದೆ. “ಯಜಮಾನ್ರೇ, ಅವತ್ತು ಸರ್ವರ್ ತಪ್ಪಿರಲಿಲ್ಲ. ನನ್ನ ಹತ್ರ ಇಂಜೆಕ್ಷನ್ ಇರಲಿಲ್ಲ, ಇಲ್ಲ ಅಂತ ನನಗೆ ಗೊತ್ತಿತ್ತು. ಫೋನಿನಲ್ಲಿ ಐತೆ ಅಂತ ಸುಳ್ಳು ಬರೆದಿದ್ದೆ. ಅದನ್ನ ನಂಬಿ ನೀವು ಬಂದ್ರಿ. ಆ ಮೇಡಂ ಹತ್ರ ಇರದಿದ್ರೆ...”

ಅವನ ಕೈ ಬಲೆಯ ಮೇಲೆ ನಿಂತಿತು. ನನ್ನ ಮುಖ ನೋಡಲಿಲ್ಲ. ಒಳಗಿನಿಂದ ಬಾಣಂತಿ ಕೂಸಿಗೆ ಏನೋ ಲಾಲಿ ಹಾಡುವುದು ಕೇಳುತ್ತಿತ್ತು.

“ಅವತ್ತು ಬಸ್ಸಿನಾಗೆ ನಾನು ಡಬ್ಬಿ ಹಿಡ್ಕೊಂಡು ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ ಸರ್” ಅಂದ. “ಐತಂತೆ, ಫೋನ್‌ನಾಗೆ ತೋರಿಸ್ತಂತೆ ಅಂತ.”

ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

“ನಮ್ಮ ಹುಡುಗಿಗೆ ಇದನ್ನ ಹೇಳಬ್ಯಾಡ್ರಿ. ಆಸ್ಪತ್ರಿ ಅಂದ್ರೆ ಅವಳಿಗೆ ಬಾಳ ಧೈರ್ಯ. ಅದು ಹಂಗೇ ಇರಲಿ.”

ಆಗಲಿ ಅಂದೆ. ಅವನು ಮತ್ತೆ ಗಂಟು ಹಾಕತೊಡಗಿದ. ಮಗಳು ಒಳಗಿನಿಂದ ಊಟಕ್ಕೆ ಏಳ್ರಿ ಎಂದು ಕೂಗಿದಳು. ಅವನು, “ಸರ್‌ಗೆ ಬಸ್ಸಿಗೆ ಹೊತ್ತಾತಂತೆ” ಎಂದು ಅಲ್ಲಿಂದಲೇ ಹೇಳಿದ. ನಾನು ಎದ್ದು, ಬರ್ತೀನಿ ಅಂದೆ. ಹ್ಞೂಂ ಅಂದ. ಏರಿಯ ಮೇಲೆ ಒಬ್ಬನೇ ನಡೆದು ಬಂದು ಬಸ್ಸಿಗೆ ಕಾದೆ. ಅದು ಬರಲು ಒಂದು ಗಂಟೆ ಹಿಡಿಯಿತು. ಅಲ್ಲಿಂದ ಅವನ ಮನೆಯ ಅಂಗಳ ಕಾಣುತ್ತಿತ್ತು. ಅವನು ತಲೆ ಎತ್ತಿ ಈ ಕಡೆ ನೋಡಲಿಲ್ಲ. ಆಮೇಲೆ ಫೋನೂ ಬಂದಿಲ್ಲ.